ಇರುವೆ ಮುಟ್ಟದ ಬಿಲ್ಲೆ

ಮೂವತ್ನಾಲ್ಕು ವರ್ಷ ಮಕ್ಕಳಿಗೆ ಸತ್ಯವನ್ನು ಬೋಧಿಸಿ, ಅದರಲ್ಲಿ ಹನ್ನೊಂದು ವರ್ಷ ಮುಖ್ಯೋಪಾಧ್ಯಾಯಿನಿಯ ಕುರ್ಚಿಯಲ್ಲಿ ಕುಳಿತು, ಹಾಜರಿ ಪುಸ್ತಕದಲ್ಲಿ ಒಂದು ಗೀಟನ್ನೂ ತಪ್ಪಾಗಿ ಎಳೆಯದ ನಾನು, ನಿವೃತ್ತಳಾದ ಮೂರನೆಯ ವರ್ಷದಲ್ಲಿ ನಮ್ಮೂರಿನ ಸುಳ್ಳುಗಾರರಿಗೆಲ್ಲ ಸರಕು ಒದಗಿಸುವವಳಾದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ ಎಂದರೆ ಬೇರೆ ಊರಿನವರು ನಂಬಬಹುದು. ನಮ್ಮೂರಿನಲ್ಲಿ ಬರಿಯ ಬಾಯಿಮಾತನ್ನು ನಂಬುವ ಪದ್ಧತಿಯಿಲ್ಲ.

ನಮ್ಮಲ್ಲಿ ಪ್ರತಿ ಮನೆಯ ಹೊಸಿಲಿನ ಪಕ್ಕದಲ್ಲಿ ಅಂಗೈಯಗಲದ ಒಂದು ಕಲ್ಲಿರುತ್ತದೆ. ತೂಕದ ಮಾತನ್ನು ಆಡುವವರು ಆ ಕಲ್ಲಿನ ಮೇಲೆ ಒಂದು ಚೂರು ಸಿಹಿಯನ್ನಿಟ್ಟು ಆಡುತ್ತಾರೆ. ಮಾತು ನಿಜವಾದರೆ ಕಪ್ಪಿರುವೆಗಳು ಸಾಲುಗಟ್ಟಿ ಬಂದು ಸಿಹಿಯನ್ನು ಹೊತ್ತೊಯ್ಯುತ್ತವೆ. ನಿಜವಲ್ಲದಿದ್ದರೆ ಕಲ್ಲಿನ ಅಂಚಿನವರೆಗೆ ಬಂದು, ಮೀಸೆಯಲ್ಲಾಡಿಸಿ, ಹಿಂದಿರುಗುತ್ತವೆ. ಹಸುವಿನ ಮಾರಾಟ, ಮನೆಯ ಬಾಡಿಗೆ, ಮದುವೆಯ ಮಾತುಕತೆ ಎಲ್ಲವೂ ಹೀಗೆಯೇ ನಡೆಯುವುದು. ಜನರೂ ಹೊಂದಿಕೊಂಡಿದ್ದಾರೆ. ಬೀಗರ ಮನೆಯಲ್ಲಿ ಉಂಡು ‘ಅಡುಗೆ ಬಹಳ ಸೊಗಸಾಗಿತ್ತು’ ಎನ್ನಬೇಕಾದ ಸಭ್ಯರು ಮೊದಲು ಅಂಗಳ ದಾಟಿ ಬೀದಿಗೆ ಬಂದು, ಅಲ್ಲಿಂದ ಕೂಗಿ ಹೇಳುತ್ತಾರೆ. ಚುನಾವಣೆಗೆ ನಿಂತವರು ಮತದಾರರಿಗೆ ಖಾರಾಬೂಂದಿಯನ್ನಲ್ಲದೆ ಬೇರೇನನ್ನೂ ಹಂಚಿದ ದಾಖಲೆಯಿಲ್ಲ.

ನಾನಂತೂ ಶಾಲೆಯಲ್ಲಿ ಈ ಪದ್ಧತಿಯನ್ನು ಅತ್ಯಂತ ನಿಷ್ಠೆಯಿಂದ ಪಾಲಿಸಿದವಳು. ನನ್ನ ಕೋಣೆಯ ಬಾಗಿಲಲ್ಲಿ ಕಲ್ಲು, ಮೇಜಿನ ಖಾನೆಯಲ್ಲಿ ಬೆಲ್ಲದ ಡಬ್ಬಿ. ಹೋಂವರ್ಕ್ ಮಾಡದವರು ಬೆಲ್ಲದ ಚೂರಿಟ್ಟು ಕಾರಣ ಹೇಳಬೇಕು. ಒಮ್ಮೆ ಐದನೆಯ ತರಗತಿಯ ಒಬ್ಬ ಹುಡುಗಿ ತನ್ನ ಪುಸ್ತಕವನ್ನು ಕರು ತಿಂದಿತೆಂದಳು. ತರಗತಿಯೇ ನಕ್ಕಿತು. ಇರುವೆಗಳು ಮಾತ್ರ ಶಿಸ್ತಾಗಿ ಸಾಲಿನಲ್ಲಿ ಬಂದು ಬೆಲ್ಲವನ್ನು ಹೊತ್ತವು. ಪುಸ್ತಕವನ್ನು ನಿಜವಾಗಿಯೂ ಕರುವೇ ತಿಂದಿತ್ತು. ಅಂಥ ಗಳಿಗೆಯಲ್ಲಿ ಒಬ್ಬ ಶಿಕ್ಷಕಿ ಏನು ಹೇಳಬೇಕು? ನಾನು ಹೇಳಿದ್ದು: “ಕರುವಿಗೆ ಎಟುಕುವ ಹಾಗೆ ಯಾಕಿಟ್ಟೆ? ಬೆಂಚಿನ ಮೇಲೆ ನಿಲ್ಲು!” ಆ ಹುಡುಗಿಯ ಹೆಸರು ದೇವೀರಮ್ಮ. ಆಕೆ ಏಳನೆಯ ತರಗತಿಗೆ ಶಾಲೆ ಬಿಟ್ಟು, ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಪೇಟೆಯ ಬೇಕರಿಯಲ್ಲಿ ಭಟ್ಟಿಯ ಮುಂದೆ ಕೆಲಸ ಮಾಡುತ್ತ ಮಗಳನ್ನು ನರ್ಸಿಂಗ್ ಓದಿಸುತ್ತಿದ್ದಳು. ಬೆಳಿಗ್ಗೆ ಮನೆಮನೆಗೆ ಬ್ರೆಡ್ಡು ಹಂಚುವಾಗ ನನ್ನ ಮನೆಗೂ ಬರುತ್ತಿದ್ದಳು.

ಸಂಯಮವೆಂಬ ವಿಷಯದ ಮೇಲೆ ನಾನು ಮಾಡಿದಷ್ಟು ಭಾಷಣಗಳನ್ನು ಈ ಜಿಲ್ಲೆಯಲ್ಲಿ ಬೇರೆ ಯಾರೂ ಮಾಡಿರಲಾರರು. ಆದ್ದರಿಂದ ಡಾಕ್ಟರು ನನ್ನ ರಕ್ತಪರೀಕ್ಷೆಯ ಚೀಟಿಯನ್ನು ಎರಡು ಸಲ ಓದಿದಾಗ, ಚೀಟಿ ಬೇರೆ ಯಾರದೋ ಇರಬೇಕೆಂದು ನಾನು ಖಡಾಖಂಡಿತವಾಗಿ ತಿಳಿಸಿದೆ.

“ಮೇಡಂ, ಸಿಹಿ ತಿನ್ನೋ ಅಭ್ಯಾಸ ಇದೆಯಾ?” ಎಂದರು.

“ಹಬ್ಬಹರಿದಿನಗಳಲ್ಲಿ ಮಾತ್ರ. ಅದೂ ಒಂದು ಚಮಚ.”

ಆಸ್ಪತ್ರೆಗಳಲ್ಲಿ ಕಲ್ಲನ್ನು ಮೇಜಿನ ಮೇಲೆಯೇ ಇಟ್ಟಿರುತ್ತಾರೆ ಎಂಬುದನ್ನು ನಾನು ಮರೆತಿದ್ದೆ. ಅದರ ಮೇಲೆ ಒಂದು ಹರಳು ಕಲ್ಲುಸಕ್ಕರೆಯಿತ್ತು. ಎರಡು ಇರುವೆಗಳು ಮೇಜಿನ ಕಾಲನ್ನು ಹತ್ತಿ ಬಂದು, ನನ್ನ ಮಾತನ್ನು ಕೇಳಿದಂತೆ ಒಂದು ಕ್ಷಣ ನಿಂತು, ಇಳಿದು ಹೋದವು. ಡಾಕ್ಟರು ಸೌಜನ್ಯದಿಂದ ಕಿಟಕಿಯ ಕಡೆ ನೋಡಿದರು. “ಇನ್ನು ಮೇಲೆ ಸಕ್ಕರೆ, ಬೆಲ್ಲ ಎರಡೂ ಬೇಡ. ಅನ್ನ, ಮೈದಾ ಕೂಡ ಆದಷ್ಟು ಕಡಿಮೆ,” ಎಂದು ಬರೆದುಕೊಟ್ಟರು.

ನನಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ತಪ್ಪನ್ನು ತಿದ್ದಿಕೊಳ್ಳುವ ಬದಲು ತಪ್ಪಿಗೆ ಶಾಸ್ತ್ರೋಕ್ತವಾದ ದಾರಿಯೊಂದನ್ನು ಹುಡುಕುವುದು ವಿದ್ಯಾವಂತರ ಲಕ್ಷಣ. ಹೀಗಾಗಿ ನಾನು ಪೇಟೆಗೆ ಹೋಗಿ ಸಕ್ಕರೆಯಲ್ಲದ ಸಿಹಿಪುಡಿ, ಬಾದಾಮಿ ಹಿಟ್ಟು, ಕೋಕೋ ಪುಡಿ ಮತ್ತು ಒಂದು ಪಾಕಪುಸ್ತಕವನ್ನು ತಂದೆ. ಆ ಪುಸ್ತಕದಲ್ಲಿ ಮೂರು ಪದರದ ಒಂದು ಸಿಹಿಯ ಚಿತ್ರವಿತ್ತು. ಕೆಳಗೆ ಬಾದಾಮಿ ಹಿಟ್ಟು ಬೆಣ್ಣೆ ಕಲಸಿ ಬೇಯಿಸಿದ ತಳ, ನಡುವೆ ಹೊನ್ನಿನ ಬಣ್ಣದ ಕ್ಯಾರಮೆಲ್, ಮೇಲೆ ಹೊಳೆಯುವ ಚಾಕೊಲೇಟು. ಪುಸ್ತಕದವರು ಅದನ್ನು ಬಾರ್ ಎಂದು ಕರೆದಿದ್ದರು. ಅಂಥ ಹೆಸರಿನ ಪದಾರ್ಥವನ್ನು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ ಮನೆಯಲ್ಲಿಟ್ಟುಕೊಳ್ಳುವುದು ಶೋಭಿಸುವುದಿಲ್ಲವಾದ್ದರಿಂದ ನಾನು ಬಿಲ್ಲೆ ಎಂದು ತಿದ್ದಿದೆ.

ಬೀಳ್ಕೊಡುಗೆಯಲ್ಲಿ ಶಾಲೆಯವರು ಕೊಟ್ಟ ಪುಟ್ಟ ಓವನ್ ಒಂದು ನನ್ನಲ್ಲಿತ್ತು. ಅದನ್ನು ನಾನು ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಡಲು ಬಳಸುತ್ತಿದ್ದೆ. ಮೊದಲ ಪ್ರಯತ್ನದಲ್ಲಿ ಏಳನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ಒಂದು ಕಟ್ಟು ಹಿಂಬದಿಯಲ್ಲೇ ಉಳಿದಿತ್ತೆಂಬುದು ಹೊಗೆ ಬಂದ ಮೇಲೆ ತಿಳಿಯಿತು. ಎರಡನೆಯ ಸಲ ತಳ ಕರಿಯಾಯಿತು. ಮೂರನೆಯ ಸಲ ಚಾಕೊಲೇಟು ಗಟ್ಟಿಯಾಗಲಿಲ್ಲ. ನಾಲ್ಕು, ಐದು, ಆರು ಮತ್ತು ಏಳನೆಯ ಸಲ ಕ್ಯಾರಮೆಲ್ ಕೈಕೊಟ್ಟಿತು. ಬಿಸಿಯಿದ್ದಾಗ ಪಾಯಸದ ಹಾಗೆ ಹರಿಯುತ್ತಿದ್ದದ್ದು ಆರಿದ ಮೇಲೆ ಬೆಳ್ಳಗೆ ಹರಳುಗಟ್ಟಿ ಕೂರುತ್ತಿತ್ತು. ಪುಸ್ತಕದ ಒಂದೊಂದು ಸಾಲನ್ನೂ ನಾನು ಗಟ್ಟಿಯಾಗಿ ಓದಿಯೇ ಪಾಲಿಸಿದ್ದೆ.

ಏಳನೆಯ ತಟ್ಟೆಯ ಮುಂದೆ ನಾನು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಗ ದೇವೀರಮ್ಮ ಬ್ರೆಡ್ಡಿನ ಬುಟ್ಟಿಯೊಂದಿಗೆ ಅಡುಗೆಮನೆಗೆ ಇಣುಕಿದಳು.

“ಏನ್ ಟೀಚರ್ ಇದು? ಅಡಿಗಲ್ಲು ಹಾಕ್ತಿದೀರಾ?”

“ಇದು ಕ್ಯಾರಮೆಲ್.”

ಅವಳು ಒಂದು ತುಣುಕನ್ನು ಬಾಯಿಗೆ ಹಾಕಿಕೊಂಡಳು. ಕರಕರ ಶಬ್ದ ನನಗೂ ಕೇಳಿಸಿತು. “ಮರಳು ಕಡಿದಂಗಾಯ್ತು. ಈ ಪುಡೀನ ಸಕ್ಕರೆ ಥರ ಒಲೆ ಮೇಲಿಟ್ಟು ಕರಗಿಸಿದ್ರಾ?”

“ಪುಸ್ತಕದಲ್ಲಿ ಹಾಗೇ ಇದೆ.”

“ಪುಸ್ತಕಕ್ಕೆ ನಾಲಿಗೆ ಇದೆಯಾ ಟೀಚರ್? ಇದು ಸಕ್ಕರೆ ಅಲ್ವಲ್ಲ, ಸಕ್ಕರೆ ಥರ ಯಾಕೆ ಕೇಳುತ್ತೆ? ನೀವು ಸ್ವಲ್ಪ ಆ ಕಡೆ ಸರೀರಿ.”

ನನ್ನ ಶಾಲೆಯಲ್ಲಿ ಗಣಿತದಲ್ಲಿ ಎಂದೂ ತೇರ್ಗಡೆಯಾಗದ ಹುಡುಗಿ ನನ್ನನ್ನು ನನ್ನದೇ ಅಡುಗೆಮನೆಯಲ್ಲಿ ಮೂಲೆಗೆ ನಿಲ್ಲಿಸಿದಳು. ಬಾಣಲೆಗೆ ಬೆಣ್ಣೆ ಹಾಕಿ, ಅದು ಕರಗಿ, ನೊರೆಯೆದ್ದು, ತಳದಲ್ಲಿ ಕಂದು ಕಣಗಳು ಕೂರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿದಳು. “ಕಂದು ಬಣ್ಣ ಸಕ್ಕರೆಯಿಂದಲೇ ಬರಬೇಕು ಅಂತ ಯಾರಂದ್ರು? ತುಪ್ಪ ಕಾಯಿಸಿದಾಗ ತಳದಲ್ಲಿ ಗಸಿ ನಿಲ್ಲುತ್ತಲ್ಲ, ಅದರ ವಾಸನೆ ನೋಡಿ. ಅದೇ ನಿಮ್ಮ ಕ್ಯಾರಮೆಲ್ಲು.” ಆಮೇಲೆ ಗಟ್ಟಿ ಕೆನೆ ಸುರಿದು, ಅದು ಬಾಣಲೆಯ ಅಂಚು ಬಿಡುವವರೆಗೆ ಕೈಯಾಡಿಸಿದಳು. ಸಿಹಿಪುಡಿಯನ್ನು ಒರಳಲ್ಲಿ ವಿಭೂತಿಯಷ್ಟು ನುಣ್ಣಗೆ ಅರೆದು, ಬಾಣಲೆಯನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸಿದಳು. ಎರಡು ಹರಳು ಉಪ್ಪು ಹಾಕಿದಳು. ಯಾವುದನ್ನೂ ಅಳೆಯಲಿಲ್ಲ. ನಾನು ಪೆನ್ನು ಹಿಡಿದು “ಎಷ್ಟು ಗ್ರಾಂ?” ಎಂದು ಕೇಳಿದಾಗೆಲ್ಲ “ಇಷ್ಟು” ಎಂದು ಅಂಗೈ ತೋರಿಸಿದಳು.

ತಟ್ಟೆ ಆರಿದ ಮೇಲೆ, ಮಧ್ಯಾಹ್ನ, ಕತ್ತರಿಸಲು ಮತ್ತೆ ಬಂದಳು. ಚಾಕು ಮೂರು ಪದರಗಳನ್ನೂ ಹಾದು ಸದ್ದಿಲ್ಲದೆ ಇಳಿಯಿತು. ಆ ಮೊದಲ ತುಣುಕಿನ ರುಚಿಯನ್ನು ವರ್ಣಿಸುವುದು ಸಂಯಮದ ಮೇಲೆ ಭಾಷಣ ಮಾಡಿದವಳಿಗೆ ತಕ್ಕುದಲ್ಲ. ನಾಲ್ಕು ತಿಂದೆ ಎಂದಷ್ಟೇ ಹೇಳುತ್ತೇನೆ. ದೇವೀರಮ್ಮ ಹೊರಡುವಾಗ ರೂಢಿಯಂತೆ ಒಂದು ಚೂರನ್ನು ಹಿತ್ತಿಲ ಬಾಗಿಲ ಕಲ್ಲಿನ ಮೇಲಿಟ್ಟು, “ನನ್ನ ಕೈಯಲ್ಲಿ ಇವತ್ತು ಚೆನ್ನಾಗಿ ಬಂತಪ್ಪ,” ಎಂದು, ಭಟ್ಟಿಗೆ ಹೊತ್ತಾಯಿತೆಂದು ತಿರುಗಿಯೂ ನೋಡದೆ ಓಡಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಇರುವೆಗಳು ಬಂದವು. ಸಕ್ಕರೆಯ ಲವಲೇಶವೂ ಇಲ್ಲದ ಆ ಚೂರನ್ನು ಹಬ್ಬದ ಹೋಳಿಗೆಯಷ್ಟೇ ಗೌರವದಿಂದ ಹೊತ್ತುಕೊಂಡು ಗೋಡೆಯ ಬಿರುಕಿನೊಳಗೆ ಹೋದವು. ಈ ದೃಶ್ಯವನ್ನು ನಾನೊಬ್ಬಳೇ ಕಂಡೆ ಎಂಬುದನ್ನು ಓದುವವರು ದಯವಿಟ್ಟು ನೆನಪಿನಲ್ಲಿಡಬೇಕು. ನಾನು ಅದನ್ನು ಮರೆಯಲು ಸಾಕಷ್ಟು ಶ್ರಮಪಟ್ಟೆ.

ಆ ವಾರವೇ ಮಹಿಳಾ ಸಮಾಜದಲ್ಲಿ ಆರೋಗ್ಯ ಸಪ್ತಾಹವಿತ್ತು. ನಾನು ಬಿಲ್ಲೆಗಳನ್ನು ಒಯ್ದೆ. ಅಂದರೆ, ದೇವೀರಮ್ಮ ತಟ್ಟೆಗಳನ್ನು ಹೊತ್ತಳು, ನಾನು ಮುಂದೆ ನಡೆದೆ. ಮೂರು ಪದರಗಳನ್ನು ಕಂಡು ಸಭೆ ಬೆರಗಾಯಿತು. ತಿಂದು ಇನ್ನೂ ಬೆರಗಾಯಿತು. ಇದರಲ್ಲಿ ಸಕ್ಕರೆಯಿಲ್ಲವೆಂದಾಗ ನನ್ನ ವಯಸ್ಸಿನ ಹೆಂಗಸರ ಕಣ್ಣಲ್ಲಿ ನೀರೇ ಬಂತು. ಅಧ್ಯಕ್ಷೆ ಎದ್ದು ನಿಂತು, “ವನಮಾಲಾ ಟೀಚರ್, ಇದನ್ನ ನೀವೇ ಮಾಡಿದ್ದಾ?” ಎಂದು ಕೇಳಿದರು.

ದೇವೀರಮ್ಮನ ಸಹಾಯದಿಂದ ಎಂದು ಹೇಳಲು ನಾನು ಸಿದ್ಧಳಾಗಿಯೇ ಬಂದಿದ್ದೆ. ವಾಕ್ಯವನ್ನು ಮನೆಯಲ್ಲಿ ಎರಡು ಸಲ ಹೇಳಿ ನೋಡಿಕೊಂಡಿದ್ದೆ. ಆದರೆ ಚಪ್ಪಾಳೆ ಆಗಲೇ ಶುರುವಾಗಿತ್ತು. ಚಪ್ಪಾಳೆಯ ನಡುವೆ ಉದ್ದನೆಯ ವಾಕ್ಯಗಳು ಕೇಳಿಸುವುದಿಲ್ಲ. ಅಲ್ಲದೆ ಮೊದಲ ಎಂಟು ತಟ್ಟೆಗಳಲ್ಲಿ ಏಳನ್ನು ಕೆಡಿಸಿದವಳು ನಾನೇ ತಾನೆ? ಬಹುಪಾಲು ದುಡಿಮೆ ನನ್ನದೇ ಅಲ್ಲವೆ? ನನ್ನ ಗಣಿತ ಯಾವಾಗಲೂ ಚೆನ್ನಾಗಿತ್ತು.

“ನಾನೇ,” ಎಂದೆ.

ಸಮಾಜದ ಹೊಸಿಲ ಕಲ್ಲಿನ ಮೇಲೆ ಯಾರೋ ಆಗಲೇ ಒಂದು ಬಿಲ್ಲೆಯನ್ನಿಟ್ಟಿದ್ದರು. ಇರುವೆಗಳು ಅಂಚಿನವರೆಗೆ ಬಂದವು. ಮೀಸೆಯಲ್ಲಾಡಿಸಿದವು. ಹಿಂದಿರುಗಿದವು. ಚಪ್ಪಾಳೆ ಅರ್ಧಕ್ಕೇ ನಿಂತಿತು. ಅರವತ್ತು ಜೋಡಿ ಕಣ್ಣುಗಳು ನನ್ನ ಮೇಲೆ. ಹಿಂಬಾಗಿಲಲ್ಲಿ ಖಾಲಿ ತಟ್ಟೆಗಳನ್ನು ಎದೆಗವಚಿಕೊಂಡು ನಿಂತಿದ್ದ ದೇವೀರಮ್ಮ ಮಾತ್ರ ತಟ್ಟೆಗಳನ್ನೇ ನೋಡುತ್ತಿದ್ದಳು. ಮೂವತ್ನಾಲ್ಕು ವರ್ಷಗಳ ಬೋಧನೆ ಇಂಥ ಗಳಿಗೆಯಲ್ಲಿ ಕೈಬಿಡುವುದಿಲ್ಲ. ನಾನು ಕನ್ನಡಕವನ್ನು ಸರಿಪಡಿಸಿಕೊಂಡು, ಮಂದಬುದ್ಧಿಯ ತರಗತಿಗೆ ಹೇಳುವಂತೆ ಹೇಳಿದೆ: “ಇದರಲ್ಲಿ ಸಕ್ಕರೆ ಎಲ್ಲಿದೆ? ಸಕ್ಕರೆಯಿಲ್ಲದ ಮೇಲೆ ಇರುವೆ ಏಕೆ ಬರಬೇಕು? ಸ್ವಲ್ಪ ವಿಚಾರ ಮಾಡಿ!”

ಸಭೆ ವಿಚಾರ ಮಾಡಿತು. ಅದರಲ್ಲಿ ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿನಿಯರು. ಚಪ್ಪಾಳೆ ಮತ್ತೆ ಶುರುವಾಯಿತು.

ಮನೆಗೆ ಹೋಗುವ ದಾರಿಯಲ್ಲಿ ನಾನು ದೇವೀರಮ್ಮನಿಗೆ ಏನೋ ವಿವರಿಸಲು ತೊಡಗಿದೆ. ಅವಳು ಕೈಯೆತ್ತಿ ತಡೆದಳು. “ಬಿಡಿ ಟೀಚರ್. ಓವನ್ ನಿಮ್ದೇ ಅಲ್ವಾ.” ಸ್ವಲ್ಪ ದೂರ ನಡೆದ ಮೇಲೆ, “ಆದ್ರೂ ಒಳ್ಳೇದಾಯ್ತು, ಸಕ್ಕರೆ ಇಲ್ದಿದ್ರೆ ಇರುವೆ ಬರಲ್ಲ ಅನ್ನೋದು ನಂಗೆ ಗೊತ್ತೇ ಇರ್ಲಿಲ್ಲ,” ಎಂದಳು. ಒಂದು ಸುಳ್ಳನ್ನು ಕಣ್ಣಾರೆ ಕಂಡವಳು ಎರಡನೆಯದನ್ನು ಪಾಠವೆಂದು ಸ್ವೀಕರಿಸಿದ್ದಳು, ಏಕೆಂದರೆ ಅದನ್ನು ಹೇಳಿದ್ದು ಟೀಚರು.

ನಾನು ಅಷ್ಟಕ್ಕೇ ಸುಮ್ಮನಿರಲಿಲ್ಲ. ಸುಳ್ಳಿಗೆ ಶಾಸ್ತ್ರದ ಬೆಂಬಲವಿರಲೆಂದು, ಸಮಾಜದ ಫಲಕಕ್ಕೆ ಎರಡು ಪುಟದ ಟಿಪ್ಪಣಿಯೊಂದನ್ನು ಅಂಟಿಸಿದೆ. ಸಕ್ಕರೆರಹಿತ ಪದಾರ್ಥಗಳ ವಿಷಯದಲ್ಲಿ ಇರುವೆಯ ಗೈರುಹಾಜರಿಯನ್ನು ತೀರ್ಪೆಂದು ಪರಿಗಣಿಸತಕ್ಕದ್ದಲ್ಲ ಎಂಬುದು ಅದರ ಸಾರ. ಮೂರನೆಯ ದಿನ ನನ್ನ ಬಾಗಿಲಿಗೆ ಮನೆ ದಲ್ಲಾಳಿಯೊಬ್ಬ ಬಂದ. ನಾಲ್ಕನೆಯ ದಿನ ಹಸು ಮಾರುವವನು. ಆಮೇಲೆ ಪರಸ್ಥಳದ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಗಂಡಂದಿರು, ಒಬ್ಬರ ಹಿಂದೊಬ್ಬರು, ಬಸ್‌ಸ್ಟ್ಯಾಂಡಿನಿಂದ ನೇರವಾಗಿ. “ಸಕ್ಕರೆ ಕಾಯಿಲೆ ಟೀಚರ್, ಏನ್ಮಾಡೋದು,” ಎಂದು ನೆಲ ನೋಡುತ್ತ ಹೇಳುತ್ತಿದ್ದರು. ಊರಿನಲ್ಲಿ ಇಷ್ಟೊಂದು ಮಧುಮೇಹವಿದೆಯೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಪುರಸಭೆಯ ಸದಸ್ಯರೊಬ್ಬರು ಖಾರಾಬೂಂದಿಯನ್ನು ಬಿಟ್ಟು, ಮೊಟ್ಟಮೊದಲ ಬಾರಿಗೆ ಬಹಿರಂಗ ಸಭೆಯಲ್ಲಿ ಸಿಹಿ ಹಂಚಿ ನಲ್ಲಿ ನೀರಿನ ಭರವಸೆ ಕೊಟ್ಟರು.

ನನ್ನ ಸಿದ್ಧಾಂತವನ್ನು ಯಾರೂ ಪ್ರಶ್ನಿಸಲಿಲ್ಲ, ಏಕೆಂದರೆ ಅದು ದಿನದಿನವೂ ರುಜುವಾತಾಗುತ್ತಿತ್ತು. ನಿಜ ಹೇಳುವವರು ಎಂದಿನಂತೆ ಬೆಲ್ಲವಿಟ್ಟು ಮಾತಾಡುತ್ತಿದ್ದರು. ನನ್ನ ಬಿಲ್ಲೆಯನ್ನು ಕಲ್ಲಿನ ಮೇಲಿಡುತ್ತಿದ್ದವರು ಯಾರೆಂದರೆ, ಬೆಲ್ಲವಿಟ್ಟರೂ ಇರುವೆ ಬಾರದಂಥವರು. ಐದು ತಿಂಗಳಲ್ಲಿ ಒಂದೇ ಒಂದು ಇರುವೆಯೂ ಒಂದೇ ಒಂದು ಬಿಲ್ಲೆಯನ್ನು ಮುಟ್ಟಲಿಲ್ಲ. ಊರು ನನ್ನ ವಿದ್ವತ್ತಿಗೆ ತಲೆದೂಗಿತು.

ದೇವೀರಮ್ಮ ಪ್ರತಿ ಮಧ್ಯಾಹ್ನ ನನ್ನ ಅಡುಗೆಮನೆಯಲ್ಲಿ ಎರಡು ತಟ್ಟೆ ಮಾಡುತ್ತಿದ್ದಳು. ರಟ್ಟಿನ ಡಬ್ಬಿಗಳ ಮೇಲೆ ನಾನು ದುಂಡಗಿನ ಅಕ್ಷರದಲ್ಲಿ ‘ಟೀಚರ್ ಬಿಲ್ಲೆ’ ಎಂದು ಬರೆಯುತ್ತಿದ್ದೆ. ಕೂಲಿಯನ್ನು ಸರಿಯಾಗಿ ಕೊಡುತ್ತಿದ್ದೆ. ಹೆಸರನ್ನು ಮಾತ್ರ ಕೊಟ್ಟಿರಲಿಲ್ಲ. ಈ ನಡುವೆ ಊರಿನಲ್ಲಿ ಮಾತಿಗೆ ಬೆಲೆಯಿಲ್ಲದಂತಾಗುತ್ತಿರುವುದನ್ನು ಕಂಡು ನನಗೆ ರಕ್ತ ಕುದಿಯಿತು. ನೈತಿಕ ಅಧಃಪತನವನ್ನು ಖಂಡಿಸಿ ಊರಿನ ವಾರಪತ್ರಿಕೆಗೆ ಕಟುವಾದ ಪತ್ರವೊಂದನ್ನು ಬರೆದೆ. ಅವರು ಅದನ್ನು ಮುಖಪುಟದಲ್ಲಿ ಹಾಕಿದರು. ಅದರ ಕೆಳಗೆ ಟೀಚರ್ ಬಿಲ್ಲೆಯ ಜಾಹೀರಾತಿತ್ತು.

ಹೀಗಿರುವಾಗ ದೇವೀರಮ್ಮನ ಮಗಳು ಸುಗುಣಳಿಗೆ ಒಂದು ಸಂಬಂಧ ಬಂತು. ಅಕ್ಕಿ ಗಿರಣಿಯ ಬೋರಲಿಂಗಯ್ಯನವರ ಮಗ ಲೋಹಿತ. ಬೇಕರಿಯ ಭಟ್ಟಿಯವಳ ಮಗಳನ್ನು ಗಿರಣಿಯವರು ತಾವಾಗಿ ಕೇಳಿಕೊಂಡು ಬಂದದ್ದು ಬೀದಿಗೆಲ್ಲ ಸುದ್ದಿಯಾಯಿತು. ದೇವೀರಮ್ಮನದು ಒಂದೇ ಷರತ್ತು: ಮಗಳು ನರ್ಸಿಂಗ್ ಕೊನೆಯ ವರ್ಷ ಮುಗಿಸಬೇಕು, ಕೆಲಸಕ್ಕೆ ಸೇರಬೇಕು. ಅದಕ್ಕಾಗಿಯೇ ಅವಳು ಹದಿನೈದು ವರ್ಷ ಭಟ್ಟಿಯ ಉರಿಗೆ ಮುಖವೊಡ್ಡಿದ್ದಳು. ಬೋರಲಿಂಗಯ್ಯನವರು ಸಂತೋಷದಿಂದ ಒಪ್ಪಿ, ಬರುವ ಭಾನುವಾರ ಕಲ್ಲಿನ ಮೇಲೆ ಮಾತು ಕೊಡುವುದಾಗಿ ಹೇಳಿ ಕಳಿಸಿದರು. ತಮಗೆ ಸಕ್ಕರೆ ಕಾಯಿಲೆಯಿರುವುದರಿಂದ ಟೀಚರ್ ಬಿಲ್ಲೆಯೇ ಆಗಬೇಕೆಂದೂ ಹೇಳಿ ಕಳಿಸಿದರು.

“ನೀವು ದೊಡ್ಡೋರಾಗಿ ಬಂದು ಕೂತ್ಕೋಬೇಕು ಟೀಚರ್,” ಎಂದು ದೇವೀರಮ್ಮ ಎಲೆ ಅಡಿಕೆ ಕೊಟ್ಟು ಕರೆದಳು. ಬರಲಾರೆನೆಂದು ಹೇಳಲು ನನ್ನಲ್ಲಿ ಕಾರಣವಿತ್ತು. ಹೇಳುವಂಥ ಕಾರಣವಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವಳ ಒಂದಂಕಣದ ಮನೆಯಲ್ಲಿ ಚಾಪೆಯ ಮೇಲೆ ಬೋರಲಿಂಗಯ್ಯನವರೂ ಮಗನೂ ಇದ್ದರು, ಇದ್ದ ಒಂದೇ ಕುರ್ಚಿಯಲ್ಲಿ ನಾನಿದ್ದೆ. ಲೋಹಿತ ಬೆಳ್ಳಗಿನ, ಮೆತ್ತಗಿನ ಹುಡುಗ, ಅಪ್ಪನ ಮುಖ ನೋಡಿಯೇ ನೀರು ಕುಡಿಯುತ್ತಿದ್ದ. ಸುಗುಣ ಕಾಫಿ ಕೊಟ್ಟು ಬಾಗಿಲ ಬಳಿ ನಿಂತಳು. ಬೋರಲಿಂಗಯ್ಯನವರು ತಟ್ಟೆಯಿಂದ ಒಂದು ಬಿಲ್ಲೆಯನ್ನೆತ್ತಿ ಹೊಸಿಲ ಕಲ್ಲಿನ ಮೇಲಿಟ್ಟು, ಗಂಟಲು ಸರಿಪಡಿಸಿಕೊಂಡರು.

“ನಮ್ಮನೆಗೆ ಬಂದ ಮೇಲೂ ಹುಡುಗಿ ಓದು ನಿಲ್ಸಲ್ಲ. ಕೆಲಸಕ್ಕೂ ಕಳಿಸ್ತೀವಿ. ನನ್ನ ಮಾತು.”

ಇರುವೆಗಳು ಗೋಡೆಯ ಸಂದಿಯಿಂದ ಹೊರಬಂದವು. ಕಲ್ಲಿನ ಅಂಚನ್ನು ಮುಟ್ಟಿದವು. ನಿಂತವು. ಹಿಂದಿರುಗಿದವು.

ಬೋರಲಿಂಗಯ್ಯನವರು ದೊಡ್ಡದಾಗಿ ನಕ್ಕರು. “ಸಕ್ಕರೆ ಇಲ್ವಲ್ಲ, ಪಾಪ, ಅವಕ್ಕೇನು ಗೊತ್ತು! ಟೀಚರಮ್ಮೋರೇ ಬರ್ದಿದಾರಲ್ಲ ಬೋರ್ಡಲ್ಲಿ. ಏನ್ ಟೀಚರಮ್ಮ?”

ದೇವೀರಮ್ಮನೂ ನಕ್ಕಳು, ಆದರೆ ನನ್ನತ್ತ ತಿರುಗಿ, ಐದನೆಯ ತರಗತಿಯಲ್ಲಿ ನೋಡುತ್ತಿದ್ದ ಹಾಗೆಯೇ ನೋಡಿದಳು. ಕೇಳಿದವಳು ಸುಗುಣ. “ಟೀಚರ್, ಅದಕ್ಕೇ ತಾನೇ ಬರ್ಲಿಲ್ಲ? ಸಕ್ಕರೆ ಇಲ್ಲ ಅಂತ?”

ಆ ಕ್ಷಣದಲ್ಲಿ ನನ್ನ ಮನಸ್ಸು ಮಾಡಿದ ಕೆಲಸವನ್ನು ಬರೆದಿಡಬೇಕು. ಅದು ಮೊದಲು ಒಂದು ವಾಕ್ಯವನ್ನು ರಚಿಸಿತು. ಸಾಮಾನ್ಯವಾಗಿ ಎಂಬ ಪದದಿಂದ ಆರಂಭವಾಗಿ, ಪರಿಸ್ಥಿತಿಗನುಗುಣವಾಗಿ ಎಂಬಲ್ಲಿ ಹೊರಳಿ, ಹಿರಿಯರ ವಿವೇಚನೆಗೆ ಬಿಟ್ಟದ್ದು ಎಂದು ಮುಗಿಯುವ ವಾಕ್ಯ. ಅದರಲ್ಲಿ ಸುಳ್ಳೂ ಇರಲಿಲ್ಲ, ನಿಜವೂ ಇರಲಿಲ್ಲ. ಬಾಯಿ ತೆರೆದೆ. ಸುಗುಣ ಕಾಯುತ್ತಿದ್ದಳು. ಅವಳ ಅಮ್ಮನನ್ನು ಬೆಂಚಿನ ಮೇಲೆ ನಿಲ್ಲಿಸಿದಾಗ ಅಮ್ಮ ಹೀಗೆಯೇ ಕತ್ತನ್ನು ತುಸು ಓರೆಮಾಡಿ ನಿಂತಿದ್ದಳು. ವಾಕ್ಯ ಗಂಟಲಲ್ಲೇ ಹರಳುಗಟ್ಟಿತು.

ನಾನು ಕುರ್ಚಿಯಿಂದೆದ್ದು, ತಟ್ಟೆಯಿಂದ ಇನ್ನೊಂದು ಬಿಲ್ಲೆಯನ್ನು ತೆಗೆದುಕೊಂಡು, ಮಂಡಿನೋವಿನ ಕಾರಣ ಎರಡು ಕಂತಿನಲ್ಲಿ ಬಗ್ಗಿ, ಅದನ್ನು ಕಲ್ಲಿನ ಮೇಲೆ ಅವರ ಬಿಲ್ಲೆಯ ಪಕ್ಕದಲ್ಲಿಟ್ಟೆ.

“ಈ ಬಿಲ್ಲೆಯನ್ನು ಮಾಡಿದ್ದು ನಾನಲ್ಲ. ಮೊದಲ ದಿನದಿಂದಲೂ ದೇವೀರಮ್ಮನೇ ಮಾಡಿದ್ದು. ಸಕ್ಕರೆಯಿಲ್ಲದಿದ್ದರೂ ಇರುವೆ ಇದನ್ನು ಮುಟ್ಟುತ್ತದೆ. ನಾನು ಆವತ್ತೇ ನೋಡಿದ್ದೇನೆ. ಬೋರ್ಡಿನಲ್ಲಿ ಬರೆದದ್ದು ಸುಳ್ಳು.”

ಇರುವೆಗಳು ಬರಲಿಲ್ಲ. ನನ್ನ ಸತ್ಯಕ್ಕೆ ರೂಢಿ ತಪ್ಪಿರಬೇಕು, ಅದರಲ್ಲಿ ಎಲ್ಲಿಯೋ ಒಂದು ಅಲಂಕಾರ ಸೇರಿಕೊಂಡಿರಬೇಕು ಎಂದು ನಾನು ಬಗ್ಗಿದ ಭಂಗಿಯಲ್ಲೇ ವಾಕ್ಯಗಳನ್ನು ಮತ್ತೆ ಪರಿಶೀಲಿಸತೊಡಗಿದೆ. ಹೀಗೆ ಪರಿಶೀಲಿಸುತ್ತಿರುವಾಗ ಸಂದಿಯಿಂದ ಮೊದಲನೆಯದು ಇಣುಕಿತು. ಅದರ ಹಿಂದೆ ಎರಡು, ಆಮೇಲೆ ನೂಲು ಬಿಚ್ಚಿದ ಹಾಗೆ ಇಡೀ ಸಾಲು. ಅವು ಕಲ್ಲನ್ನು ಹತ್ತಿ, ಬೋರಲಿಂಗಯ್ಯನವರ ಬಿಲ್ಲೆಯನ್ನು ಬಳಸಿಕೊಂಡು, ನನ್ನದರ ಮೇಲೆ ಏರಿದವು.

“ಓಹೋ!” ಎಂದರು ಬೋರಲಿಂಗಯ್ಯನವರು. “ಊರಿಗೆಲ್ಲ ಬುದ್ಧಿ ಹೇಳೋ ಟೀಚರಮ್ಮ ಇಷ್ಟು ದಿನ ಸುಳ್ಳು ಮಾರ್ತಿದ್ರಾ?”

“ಹೌದು,” ಎಂದೆ. ಇರುವೆಗಳು ಇನ್ನೂ ಚುರುಕಾದವು.

ಸುಗುಣ ಅವರ ಮಾತಿಗೆ ಕಿವಿಗೊಡಲಿಲ್ಲ. ಲೋಹಿತನಿಗೆ ತಟ್ಟೆಯನ್ನು ಹಿಡಿದು, “ನೀವು ಹೇಳಿ. ನಿಮ್ಮಪ್ಪ ಬೇಡ. ನೀವು ಓದಿಸ್ತೀರಾ?” ಎಂದಳು. ಆ ಹುಡುಗ ಬಿಲ್ಲೆಯನ್ನು ಕೈಗೆತ್ತಿಕೊಂಡ. 

ಅಪ್ಪನನ್ನು ನೋಡಿದ. ಕಲ್ಲನ್ನು ನೋಡಿದ. ಆಮೇಲೆ ಅದನ್ನು ಬಾಯಿಗೆ ಹಾಕಿಕೊಂಡು ತಿಂದುಬಿಟ್ಟ.

“ಚೆನ್ನಾಗಿದೆ,” ಎಂದ, ಸಣ್ಣ ದನಿಯಲ್ಲಿ. ಅದು ನಿಜವೇ ಇರಬೇಕು.

ಬೋರಲಿಂಗಯ್ಯನವರ ದನಿ ಬದಲಾಯಿತು. “ನಮ್ಮಮ್ಮ ಹಾಸಿಗೆ ಹಿಡಿದು ಮೂರು ವರ್ಷ ಆಯ್ತು. ಮಗ್ಗುಲು ಬದಲಾಯಿಸೋಕೂ ಜನ ಬೇಕು. ಓದಿದ ಹುಡುಗಿ ಮನೇಲಿದ್ರೆ ಅವಳನ್ನ ನೋಡ್ಕೋತಾಳೆ ಅಂದ್ಕೊಂಡೆ. ಇದರಲ್ಲಿ ಏನ್ ತಪ್ಪಿದೆ?” ಅವರು ಇದನ್ನು ಬಿಲ್ಲೆಯಿಡದೆ ಹೇಳಿದರು. ಇಟ್ಟಿದ್ದರೆ ಇರುವೆಗಳು ಖಂಡಿತ ಬರುತ್ತಿದ್ದವು.

“ತಪ್ಪಿಲ್ಲ ಯಜಮಾನ್ರೇ,” ಎಂದಳು ಸುಗುಣ. “ನರ್ಸ್ ಬೇಕು ಅಂತ ಕೇಳಿದ್ರೆ ರಜದಲ್ಲಿ ನಾನೇ ಬಂದು ನೋಡ್ಕೋತಿದ್ದೆ. ನೀವು ಸೊಸೆ ಬೇಕು ಅಂತ ಕೇಳಿದ್ರಿ.”

ಅವರು ಎದ್ದು ಹೋದರು. ಲೋಹಿತ ಚಪ್ಪಲಿ ಮೆಟ್ಟಿಕೊಳ್ಳುತ್ತ ಒಮ್ಮೆ ಹಿಂದಿರುಗಿ ನೋಡಿದ. ಸುಗುಣಳನ್ನೋ ತಟ್ಟೆಯನ್ನೋ ಎಂಬುದು ತಿಳಿಯಲಿಲ್ಲ.

ನಾನು ಕೃತಜ್ಞತೆಯನ್ನು ನಿರೀಕ್ಷಿಸಿದ್ದೆ ಎಂದು ಒಪ್ಪಿಕೊಳ್ಳಬೇಕು. ತಡವಾಗಿಯಾದರೂ ಸತ್ಯ ಹೇಳಿದವಳಿಗೆ ಸಲ್ಲತಕ್ಕ ಗೌರವ, ಒದ್ದೆಯಾದ ಕಣ್ಣು, ಇನ್ನೊಂದು ಲೋಟ ಕಾಫಿ. ದೇವೀರಮ್ಮ ಚಾಪೆ ಸುತ್ತಿ ಗೋಡೆಗೆ ಒರಗಿಸಿ, ನನ್ನೆದುರು ಬಂದು ನಿಂತಳು.

“ಇರುವೆ ಬರುತ್ತೆ ಅಂತ ಅವತ್ತಿಂದಲೂ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ಹೆಸರು ತಗೊಂಡ್ರಿ. ನಾನೇನೂ ಅನ್ಲಿಲ್ಲ. ಹೋಗ್ಲಿ, ಟೀಚರಿಗೊಂದು ಆಸೆ ಅಂದ್ಕೊಂಡೆ. ಆದ್ರೆ ಇದು? ನನ್ನ ಮಗಳ ಬದುಕನ್ನ ಆ ಕಲ್ಲಿನ ಮೇಲೆ ಇಟ್ಬಿಟ್ಟಿದ್ನಲ್ಲ ಟೀಚರ್. ಐದು ತಿಂಗಳಲ್ಲಿ ಊರಲ್ಲಿ ಇನ್ನೂ ಎಷ್ಟು ಜನ ಇಟ್ಟಿದಾರೋ.” ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. ಗದ್ದಲ ಮಾಡುವವರನ್ನು ಸುಮ್ಮನಿರಿಸುವುದು ನನಗೆ ಬರುತ್ತದೆ.

ನಾನು ಮತ್ತೊಂದು ಬಿಲ್ಲೆಯನ್ನೆತ್ತಿಕೊಂಡು ಕಲ್ಲಿನ ಕಡೆಗೆ ತಿರುಗಿದೆ. ಕ್ಷಮೆಯನ್ನು ಸಾಕ್ಷಿಸಮೇತ ಕೇಳಬೇಕೆಂದಿದ್ದೆ. ಇರುವೆಗಳು ಬಂದರೆ ಅವಳು ನಂಬಲೇಬೇಕಲ್ಲ. ದೇವೀರಮ್ಮ ನನ್ನ ಕೈಯಿಂದ ಬಿಲ್ಲೆಯನ್ನು ಕಿತ್ತುಕೊಂಡು ತಟ್ಟೆಗೆ ಹಾಕಿದಳು.

“ಇರುವೆಗೆ ಹೇಳ್ಬೇಡಿ. ನಂಗೆ ಹೇಳಿ.”

ನಮ್ಮೂರಿನಲ್ಲಿ ಹುಟ್ಟಿ ಬೆಳೆದವರಿಗೆ ಇದು ಎಂಥ ಕಷ್ಟದ ಕೆಲಸವೆಂದು ಬೇರೆಯವರಿಗೆ ತಿಳಿಯಲಾರದು. ಬರಿಗೈಯಲ್ಲಿ, ಎದುರಿಗಿರುವ ಮುಖವನ್ನು ನೋಡುತ್ತ, ನಂಬಿದರೆ ನಂಬಲಿ ಇಲ್ಲದಿದ್ದರೆ ಇಲ್ಲ ಎಂದು ಮಾತಾಡುವುದು. ನಾನು ತಪ್ಪಾಯಿತೆಂದೆ. ಬೇಜಾರು ಮಾಡಿಕೊಳ್ಳಬೇಡವೆಂದೆ, ಮಾಡಿಕೊಂಡರೂ ಸರಿಯೆಂದೆ. ಕರುವಿನ ವಿಷಯವನ್ನೂ ಯಾಕೋ ಹೇಳಿದೆ. ಒಂದು ವಾಕ್ಯವೂ ನೆಟ್ಟಗೆ ಮುಗಿಯಲಿಲ್ಲ. ನನ್ನ ವಿದ್ಯಾರ್ಥಿಯೊಬ್ಬಳು ಹಾಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದೆ.

ದೇವೀರಮ್ಮ ಬಿಲ್ಲೆಯ ತಟ್ಟೆಯನ್ನು ಮುಚ್ಚಿಟ್ಟಳು. ನಂಬಿದಳೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಕೊನೆಗೆ, “ಮೊದ್ಲು ಬೋರ್ಡಲ್ಲಿರೋ ಆ ಕಾಗದ ಕಿತ್ತಾಕಿ. ಬುಧವಾರ ಆಸ್ಪತ್ರೆಗೆ ಎರಡು ತಟ್ಟೆ ಬೇಕಂತೆ. ಬಾದಾಮಿ ನೆನೆ ಹಾಕ್ತೀನಿ, ಸಿಪ್ಪೆ ಬಿಡಿಸೋಕೆ ಜನ ಇಲ್ಲ. ಬೆಳಿಗ್ಗೆ ಎಂಟು ಗಂಟೆಗೆ ನಮ್ಮನೆಗೆ ಬನ್ನಿ,” ಎಂದಳು.

ನಾನು ಆ ಸಂಜೆಯೇ ಸಮಾಜದ ಫಲಕದಿಂದ ಎರಡು ಪುಟಗಳನ್ನು ಕಿತ್ತು, ಅಲ್ಲಿ ನಾಲ್ಕು ಸಾಲಿನ ಚೀಟಿಯೊಂದನ್ನು ಅಂಟಿಸಿದೆ. ಆಮೇಲೆ ಊರಿನಲ್ಲಿ ನಡೆದ ಜಗಳಗಳನ್ನು ವಿವರಿಸುವುದಿಲ್ಲ. ಕೆಲವು ಮನೆಗಳ ಕಿಟಕಿಗಳಿಂದ ನನ್ನ ಹೆಸರು ಕೇಳಿಬರುತ್ತಿತ್ತು, ಗೌರವಸೂಚಕ ಪ್ರತ್ಯಯಗಳಿಲ್ಲದೆ. ಬಿಲ್ಲೆ ಕೊಳ್ಳುತ್ತಿದ್ದ ಗಂಡಂದಿರು, ದಲ್ಲಾಳಿಗಳೆಲ್ಲ ಒಂದೇ ವಾರದಲ್ಲಿ ಸಕ್ಕರೆ ಕಾಯಿಲೆಯಿಂದ ಗುಣಮುಖರಾದರು. ಉಳಿದವರು ನಿಜವಾದ ರೋಗಿಗಳು, ಹದಿನೇಳು ಜನ, ನನ್ನನ್ನೂ ಸೇರಿಸಿ.

ಬುಧವಾರ ನಾನು ಎಂಟು ಗಂಟೆ ಏಳು ನಿಮಿಷಕ್ಕೆ ದೇವೀರಮ್ಮನ ಮನೆ ತಲುಪಿದೆ. ಸುಗುಣ ಬಿಳಿ ಸಮವಸ್ತ್ರದಲ್ಲಿ, ಚೀಲ ಹೆಗಲಿಗೇರಿಸಿಕೊಂಡು, ಕಾಲೇಜಿನ ಬಸ್ಸಿಗೆ ಓಡುತ್ತಿದ್ದಳು. ನನ್ನನ್ನು ಕಂಡು, “ಅಮ್ಮ ಗಡಿಯಾರ ನೋಡ್ತಿದಾಳೆ ಟೀಚರ್, ಬೇಗ ಹೋಗಿ!” ಎಂದು ನಕ್ಕಳು. ಒಳಗೆ ದೇವೀರಮ್ಮ ತಲೆಯೆತ್ತದೆ ಮಣೆಯೊಂದನ್ನು ಕಾಲಿನಿಂದ ನನ್ನತ್ತ ತಳ್ಳಿದಳು. ಕೈ ತೊಳೆದು ಕುಳಿತೆ. ನೆಂದ ಬಾದಾಮಿಯನ್ನು ಎರಡು ಬೆರಳ ನಡುವೆ ಹಿಡಿದು ಹಿಸುಕಿದರೆ ಅದು ಸಿಪ್ಪೆಯಿಂದ ಜಾರಿ ಕೋಣೆಯ ಆ ಮೂಲೆಗೆ ಹಾರುತ್ತದೆ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಹುಡುಕಿ, ತೊಳೆದು, ಮತ್ತೆ ಕುಳಿತೆ. ಒಂದು ಗಂಟೆಯಲ್ಲಿ ಒಂದು ಬಟ್ಟಲು ತುಂಬಿತು. ನಾನು ಅದನ್ನು ಅವಳ ಮುಂದೆ ಸರಿಸಿ, ಬೆನ್ನು ನೇರ ಮಾಡಿ, ಕಾದೆ.

ದೇವೀರಮ್ಮ ಬಟ್ಟಲಿಗೆ ಕೈಹಾಕಿ, ಬೆರಳಿನಿಂದ ಕೆದಕಿ, ಮೂರು ಬಾದಾಮಿಗಳನ್ನು ಆರಿಸಿ ನನ್ನ ಅಂಗೈಯಲ್ಲಿಟ್ಟಳು.

“ಇವಕ್ಕೆ ಸಿಪ್ಪೆ ಉಳಿದಿದೆ.”

ತುದಿಯಲ್ಲಿ ಮಾತ್ರ, ಅದೂ ಸಾಸಿವೆಯಷ್ಟು ಎಂದು ನಾನು ತೋರಿಸಿದೆ.

“ಮತ್ತೆ ಬಿಡಿಸಿ,” ಎಂದಳು. ಬಿಡಿಸಿದೆ.